ಮೆಟ್ಟಿಲಿಳಿಯುವ ವಿದ್ಯೆ

ಮೆಟ್ಟಿಲು ಹತ್ತುವುದು ಕಷ್ಟ, ಇಳಿಯುವುದು ಸುಲಭ ಎಂದು ನಾವೆಲ್ಲರೂ ಭಾವಿಸಿದ್ದೇವೆ. ಶ್ರಮದ ಮಟ್ಟಿಗೆ ಇದು ದಿಟವೇ. ಆದರೆ ಕ್ಷೇಮದ ದೃಷ್ಟಿಯಿಂದ ಇಳಿಯುವುದೇ ಹೆಚ್ಚು ಕಠಿಣವಾದ ವಿದ್ಯೆ. ಮೆಟ್ಟಿಲಿಗೊಂದು ಕಾಲಿಟ್ಟು ಹತ್ತಲು ಮಕ್ಕಳು ಸುಮಾರು ಮೂರನೆಯ ವಯಸ್ಸಿಗೆ ಕಲಿಯುತ್ತಾರೆ. ಹಾಗೆಯೇ ಇಳಿಯಲು ಸಾಮಾನ್ಯವಾಗಿ ಮತ್ತೊಂದು ವರ್ಷ ಹಿಡಿಯುತ್ತದೆ. ಇದಕ್ಕೆ ಕಾರಣವೇನು?

ಗುರುತ್ವ ಕೇಂದ್ರದಿಂದ ಎಳೆದ ಲಂಬರೇಖೆಯು ಆಧಾರದೊಳಗೆ ಬಿದ್ದರೆ ಮಾತ್ರ ವಸ್ತುವು ಸ್ಥಿರವಾಗಿ ನಿಲ್ಲುತ್ತದೆಂದು ನಾವು ಬಲ್ಲೆವು. ಹತ್ತುವಾಗ ಮುಂದಿನ ಪಾದವನ್ನು ಭದ್ರವಾಗಿ ಊರಿದ ಬಳಿಕವೇ ಭಾರವನ್ನು ಅದಕ್ಕೆ ಒಪ್ಪಿಸುತ್ತೇವೆ. ಎಡವಿದರೂ ಎದುರಿನ ಮೆಟ್ಟಿಲು ಕೈಗೆ ಸಿಗುತ್ತದೆ. ಇಳಿಯುವಾಗಲಾದರೋ ಒಂದೇ ಕಾಲಿನ ಮೇಲೆ ನಿಂತು, ಅದರ ಮೊಣಕಾಲನ್ನು ಮೆಲ್ಲನೆ ಮಡಿಸುತ್ತ ದೇಹವನ್ನು ಇಳಿಸಬೇಕು. ಎದುರಿಗಿರುವುದು ಬರಿಯ ಬಯಲು. ಮಗುವಿನ ಕಾಲು ಗಿಡ್ಡ, ತಲೆ ದೊಡ್ಡದು. ಆದುದರಿಂದ ಸಮತೋಲ ತಪ್ಪುವುದು ಇನ್ನೂ ಸುಲಭ.

ಒಂದು ಲೆಕ್ಕ ಮಾಡಿ ನೋಡೋಣ. 20 ಕಿಲೋಗ್ರಾಂ ತೂಕದ ಮಗುವೊಂದು ತಲಾ 15 ಸೆಂಟಿಮೀಟರು ಎತ್ತರದ 10 ಮೆಟ್ಟಿಲುಗಳನ್ನು ಏರಿ ನಿಂತಿದೆಯೆನ್ನಿ. ಅದು ಪಡೆದ ಪ್ರಚ್ಛನ್ನ ಶಕ್ತಿ 20 × 9.8 × 1.5 = 294 ಜೌಲ್. ನಡೆದು ಇಳಿಯುವಾಗ ಸ್ನಾಯುಗಳು ಇದನ್ನು ಮೆಟ್ಟಿಲಿಗೆ 29.4 ಜೌಲಿನಂತೆ ಕಂತುಕಂತಾಗಿ ತೀರಿಸುತ್ತವೆ. ಅಷ್ಟು ಎತ್ತರದಿಂದ ನೇರವಾಗಿ ಬಿದ್ದರೆ ನೆಲ ಮುಟ್ಟುವಾಗಿನ ವೇಗ ಸೆಕೆಂಡಿಗೆ ಸುಮಾರು 5.4 ಮೀಟರು, ಸಾಲವೆಲ್ಲವನ್ನೂ ಎಲುಬುಗಳು ಕ್ಷಣಮಾತ್ರದಲ್ಲಿ ತೀರಿಸಬೇಕಾಗುತ್ತದೆ!

ಪಕ್ಕದ ಕಂಬಿಯನ್ನು ಹಿಡಿದರೆ ಆಧಾರವು ವಿಸ್ತಾರವಾಗುತ್ತದೆ. ಪುಸ್ತಕದ ಚೀಲವನ್ನು ಎದೆಗವಚಿಕೊಂಡರೆ ಕೈಗೆ ಬಿಡುವಿಲ್ಲ, ಕಣ್ಣಿಗೆ ಪಾದ ಕಾಣದು. ಆದುದರಿಂದ ಚೀಲವನ್ನು ಎರಡು ಭುಜಗಳಿಗೂ ಸಮನಾಗಿ ಬೆನ್ನಿಗೇರಿಸಿ, ಒಂದು ಕೈಯನ್ನು ಕಂಬಿಗೆ ಮೀಸಲಿಡುವುದನ್ನು ಮಕ್ಕಳಿಗೆ ಮೊದಲು ಕಲಿಸಬೇಕು.

ಎರಡನೆಯ ಪಾಠ, ನೂಕಬಾರದೆಂಬುದು. 1883ರ ಜೂನ್ 16ರಂದು ಇಂಗ್ಲೆಂಡಿನ ಸಂಡರ್ಲೆಂಡ್ ಪಟ್ಟಣದ ವಿಕ್ಟೋರಿಯಾ ಹಾಲಿನಲ್ಲಿ ಮಕ್ಕಳ ಮನರಂಜನೆಯ ಕೊನೆಗೆ ಬಹುಮಾನ ಹಂಚತೊಡಗಿದರು. ಮೇಲಂತಸ್ತಿನ ಮಕ್ಕಳು ಅದಕ್ಕಾಗಿ ಮೆಟ್ಟಿಲಿಳಿದು ಧಾವಿಸಿದರು. ಕೆಳಗಿನ ಬಾಗಿಲಿಗೆ ಒಬ್ಬೊಬ್ಬರೇ ತೂರುವಷ್ಟು ಮಾತ್ರ ಸಂದು ಬಿಟ್ಟು ಅಗುಳಿ ಹಾಕಲಾಗಿತ್ತು. ಮುಂದಿನವರು ಸಿಕ್ಕಿಬಿದ್ದುದು ಹಿಂದಿನವರಿಗೆ ಕಾಣಲಿಲ್ಲ. ಒಬ್ಬೊಬ್ಬರ ನೂಕುಬಲವೂ ಕೂಡಿ ಕೂಡಿ ಮುಂದಿನವರ ಮೇಲೆ ಬಿತ್ತು. 183 ಮಕ್ಕಳು ಅಸುನೀಗಿದರು. ಗಂಟೆ ಬಾರಿಸಿದೊಡನೆ ಧಾವಿಸದೆ ಸಾಲಾಗಿ, ಒಂದೇ ಬದಿಯಲ್ಲಿ, ಮುಂದಿನವರಿಂದ ಅಂತರವಿಟ್ಟು ಇಳಿಯಬೇಕೆಂಬ ನಿಯಮದ ಬೆಲೆಯನ್ನು ಇದರಿಂದ ಅರಿಯಬಹುದು.

ಎಲ್ಲ ಹೊಣೆಯನ್ನೂ ಮಕ್ಕಳ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಮೊದಲ ಒಂದೆರಡು ಮೆಟ್ಟಿಲುಗಳಲ್ಲಿಯೇ ಪಾದವು ಎತ್ತರದ ಅಳತೆಯನ್ನು ಗ್ರಹಿಸಿ, ಅನಂತರ ಕಣ್ಣಿನ ನೆರವಿಲ್ಲದೆ ನಡೆಯುತ್ತದೆ. ನಡುವೆ ಒಂದು ಮೆಟ್ಟಿಲು ಒಂದೆರಡು ಸೆಂಟಿಮೀಟರು ಹೆಚ್ಚುಕಡಿಮೆಯಾದರೂ ಎಡವುವ ಭಯವುಂಟು. 17ನೆಯ ಶತಮಾನದ ಫ್ರೆಂಚ್ ವಾಸ್ತುಶಿಲ್ಪಿ ಬ್ಲಾಂಡೆಲ್ ಹೇಳಿದ ಸೂತ್ರವು ಇಂದಿಗೂ ಬಳಕೆಯಲ್ಲಿದೆ: ಎತ್ತರದ ಇಮ್ಮಡಿಗೆ ಪಾದವಿಡುವ ಅಗಲವನ್ನು ಕೂಡಿಸಿದರೆ ಒಂದು ಹೆಜ್ಜೆಯ ಉದ್ದ, ಎಂದರೆ ಸುಮಾರು 60ರಿಂದ 65 ಸೆಂಟಿಮೀಟರು, ಬರಬೇಕು.

ವಿದ್ಯಾರ್ಥಿ ಮಿತ್ರರು ಅಳತೆಪಟ್ಟಿಯೊಂದನ್ನು ಹಿಡಿದು ತಮ್ಮ ಶಾಲೆಯ ಪ್ರತಿಯೊಂದು ಮೆಟ್ಟಿಲನ್ನೂ ಅಳೆದು ನೋಡಲಿ. ವ್ಯತ್ಯಾಸ ಕಂಡಲ್ಲಿ ಉಪಾಧ್ಯಾಯರಿಗೆ ತಿಳಿಸಿ, ಅದು ಸರಿಯಾಗುವವರೆಗೆ ಆ ಮೆಟ್ಟಿಲಿನ ಅಂಚಿಗೆ ಬಿಳಿಯ ಬಣ್ಣ ಬಳಿಸಲಿ. ಚಿಕ್ಕ ತರಗತಿಯ ಮಕ್ಕಳ ಪಾಲಿಗೆ ಅದೊಂದು ದೊಡ್ಡ ಉಪಕಾರ.