ದೊಡ್ಡಮ್ಮನ ಅಡುಗೆಮನೆ

ಅಕ್ಕಂದಿರೇ, ನಮ್ಮ ಅಡುಗೆಮನೆ ಕಟ್ಟುವಾಗ ನಮ್ಮನ್ನು ಯಾರಾದರೂ ಕೇಳಿದರಾ? "ನಿನ್ನ ಎತ್ತರ ಎಷ್ಟಮ್ಮ? ನಿನ್ನ ಕೈ ಎಲ್ಲಿಗೆ ನಿಲುಕುತ್ತೆ?" ಅಂತ ಕೇಳಿದರಾ? ಇಲ್ಲ. ಮೇಸ್ತ್ರಿ ಬಂದರು. ಕಟ್ಟೆ ಕಟ್ಟಿದರು. ಹೋದರು. ಆ ಕಟ್ಟೆಗೆ ತಕ್ಕಂತೆ ನಾವೇ ಬಗ್ಗಿದೆವು. ನಾವೇ ತುದಿಗಾಲಲ್ಲಿ ನಿಂತೆವು.

ನಮ್ಮ ಪಕ್ಕದ ಮನೆಯ ದೊಡ್ಡಮ್ಮನ ವಿಷಯ ಹೇಳುತ್ತೇವೆ, ಕೇಳಿ.

ನಮ್ಮದು ಬೆಂಗಳೂರಿನಲ್ಲಿ ಮೂರು ಅಂತಸ್ತಿನ ಕಟ್ಟಡ. ಎಲ್ಲಾ ಮನೆಗಳೂ ಚಿಕ್ಕವು. ಒಂದು ಕೋಣೆ, ಒಂದು ಅಡುಗೆಮನೆ, ಒಂದು ಬಚ್ಚಲು. ದೊಡ್ಡಮ್ಮನ ಮನೆ ನೆಲದಲ್ಲೇ ಇದೆ. ದೊಡ್ಡಮ್ಮ ಮದುವೆ ಮನೆಗಳಲ್ಲಿ ಅಡುಗೆ ಮಾಡಿದವರು. ಅವರ ಹುಳಿ ಉಂಡವರು ಮರೆಯುವುದಿಲ್ಲ.

ಒಂದು ದಿನ ಬಚ್ಚಲಲ್ಲಿ ಕಾಲು ಜಾರಿತು. ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು. ಆಮೇಲೆ ದೊಡ್ಡಮ್ಮ ನಿಲ್ಲಲಾರರು. ಗಾಲಿ ಕುರ್ಚಿಯಲ್ಲೇ ಓಡಾಟ.

ಮಗ, ಸೊಸೆ ಇಬ್ಬರೂ ಬೆಳಿಗ್ಗೆ ಎಂಟಕ್ಕೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾರೆ. ಸೊಸೆ ಫ್ಲಾಸ್ಕಿನಲ್ಲಿ ಟೀ ತುಂಬಿಸಿ ಇಡುತ್ತಾಳೆ. ತಟ್ಟೆಗೆ ಅನ್ನ ಹಾಕಿ ಮುಚ್ಚಿಡುತ್ತಾಳೆ. ಒಳ್ಳೆಯ ಹುಡುಗಿ. ಆದರೆ ದೊಡ್ಡಮ್ಮನಿಗೆ ಅದು ಸಾಲದು.

"ಫ್ಲಾಸ್ಕಿನ ಟೀ ಕುಡಿದು ಕುಡಿದು ಬಾಯಿ ಕೆಟ್ಟಿದೆ ಕಣ್ರೇ. ಒಂದು ಲೋಟ ಟೀ ನಾನೇ ಕಾಯಿಸಿಕೊಂಡರೆ ಸಾಕು" ಅನ್ನುತ್ತಿದ್ದರು.

ಒಂದು ಮಧ್ಯಾಹ್ನ ಹಾಗೇ ಮಾಡಲು ಹೋದರು. ಕಟ್ಟೆ ಎತ್ತರ. ಕುರ್ಚಿ ತಗ್ಗು. ಕುದಿಯುವ ಪಾತ್ರೆ ಮುಖದ ಮಟ್ಟಕ್ಕೆ ಬಂತು. ಇಕ್ಕಳದಲ್ಲಿ ಹಿಡಿದು ಇಳಿಸುವಾಗ ತೊಡೆಯ ಮೇಲೆ ಚೆಲ್ಲಿತು. ಬೊಬ್ಬೆ ಎದ್ದಿತು.

ಮಗ ಹೆದರಿದ. "ಇನ್ನು ಒಲೆ ಹತ್ತಿರ ಹೋಗಬೇಡಮ್ಮ" ಅಂದ. ಮಾರನೇ ದಿನದಿಂದ ಸಿಲಿಂಡರಿನ ರೆಗ್ಯುಲೇಟರ್ ಬಿಚ್ಚಿ ಅಟ್ಟದ ಮೇಲೆ ಇಟ್ಟು ಹೋಗತೊಡಗಿದ. ದೊಡ್ಡಮ್ಮ ಓದುವ ತರಗತಿಗೂ ಬರುವುದು ಬಿಟ್ಟರು. "ಮನೆಗೆ ನಾನು ಹೊರೆ" ಅಂದರು. ಆ ಮಾತು ಕೇಳಿ ನಮಗೆ ತಡೆಯಲಾಗಲಿಲ್ಲ.

ಸಂಜೆ ನಾವು ನಾಲ್ವರು ಅಳತೆ ಟೇಪು ಹಿಡಿದು ಹೋದೆವು. ಅಂಕಿ ಕಲಿತಿದ್ದೇವಲ್ಲ! ಟೇಪಿನ ಮೇಲೂ ಅವೇ ಅಂಕಿಗಳು. 12 ಅಂಗುಲ ಸೇರಿದರೆ 1 ಅಡಿ. ಒಬ್ಬರು ಅಳೆದರು. ಒಬ್ಬರು ಬರೆದುಕೊಂಡರು.

ಅಡುಗೆಮನೆ ಉದ್ದ 8 ಅಡಿ, ಅಗಲ 6 ಅಡಿ. ಕಟ್ಟೆಯ ಎತ್ತರ 33 ಅಂಗುಲ. ಗಾಲಿ ಕುರ್ಚಿಯ ಅಗಲ 25 ಅಂಗುಲ. ಬಾಗಿಲು 27 ಅಂಗುಲ. ಕುರ್ಚಿ ಹೋಗುತ್ತೆ, ಆದರೆ ದೊಡ್ಡಮ್ಮನ ಬೆರಳ ಗೆಣ್ಣು ಚೌಕಟ್ಟಿಗೆ ಉಜ್ಜುತ್ತೆ. ಕೂತಾಗ ಮೊಣಕಾಲು ನೆಲದಿಂದ 25 ಅಂಗುಲ. ಮೊಣಕೈ 28 ಅಂಗುಲ.

ಈಗ ನೋಡಿ. ಮೊಣಕೈ 28, ಕಟ್ಟೆ 33. ಅದರ ಮೇಲೆ ಒಲೆಯೇ 4 ಅಂಗುಲ. ಒಟ್ಟು 37. ಒಲೆಯ ಎತ್ತರವನ್ನು ನಾವು ಯಾರೂ ಲೆಕ್ಕಕ್ಕೆ ಹಿಡಿಯುವುದೇ ಇಲ್ಲ! ಅದರ ಮೇಲೆ ಪಾತ್ರೆ ಬೇರೆ. ಚೆಲ್ಲದೆ ಇನ್ನೇನಾಗುತ್ತೆ? ತಪ್ಪು ದೊಡ್ಡಮ್ಮನದಲ್ಲ, ಕಟ್ಟೆಯದು.

ಗುರುತಿನ ಗಾರೆ ಮೇಸ್ತ್ರಿಯನ್ನು ಕರೆಸಿದೆವು. ಅರ್ಧ ಕಟ್ಟೆಯನ್ನು 28 ಅಂಗುಲಕ್ಕೆ ಇಳಿಸಿ ಅಂದೆವು. ಸೊಸೆಯ ಮುಖ ಸಪ್ಪಗಾಯಿತು.

"ಅತ್ತೆಗೆ ಆಗುತ್ತೆ. ಸಂಜೆ ನಾನು ನಿಂತು ಅಡುಗೆ ಮಾಡಬೇಕಲ್ಲ? ನನ್ನ ಸೊಂಟ ಏನಾಗಬೇಕು?"

ಅವಳು ಕೇಳಿದ್ದು ಸರಿ. ಹಗಲೆಲ್ಲಾ ಮಿಷಿನ್ ಮುಂದೆ ಕೂತು ಬಂದವಳು. ಅವಳನ್ನೂ ಅಳೆದೆವು. ನಿಂತಾಗ ಅವಳ ಮೊಣಕೈ 38 ಅಂಗುಲ. ಹೆಚ್ಚುವ, ಲಟ್ಟಿಸುವ ಜಾಗ ಮೊಣಕೈಗಿಂತ ನಾಲ್ಕೈದು ಅಂಗುಲ ಕೆಳಗಿರಬೇಕು. ಆಗ ಹೆಗಲು ನೋಯುವುದಿಲ್ಲ. ಅಂದರೆ ಹಳೆಯ 33 ಅಂಗುಲದ ಕಟ್ಟೆ ಅವಳಿಗೆ ಸರಿ. ಅದು ಹಾಗೇ ಉಳಿಯಲಿ, ತರಕಾರಿ ಹೆಚ್ಚಲು. ಒಲೆ ತಗ್ಗಿನ ಅರ್ಧಕ್ಕೆ ಬರಲಿ. 28ರ ಮೇಲೆ ಒಲೆ 4, ಒಟ್ಟು 32. ನಿಂತು ಸೌಟು ಆಡಿಸುವವಳಿಗೂ ಅದು ಹಗುರ. ಪಾತ್ರೆಯೊಳಗೆ ಕಾಣುತ್ತೆ. ಸೊಸೆ ಒಪ್ಪಿದಳು.

ಹಳೆಯ ಕಡಪ ಕಲ್ಲನ್ನೇ ಕತ್ತರಿಸಿ ಹಾಕಿದರು. ಹೊಸ ಕಲ್ಲು ತರಲಿಲ್ಲ. ತಗ್ಗಿನ ಕಟ್ಟೆಯ ಕೆಳಗೆ ಗೋಡೆ ಕಟ್ಟಲಿಲ್ಲ, ಖಾಲಿ ಬಿಟ್ಟರು. ಅಲ್ಲಿ ದೊಡ್ಡಮ್ಮನ ಮೊಣಕಾಲು ಹೋಗುತ್ತೆ. ಗಾಲಿ ಕುರ್ಚಿ ಪೂರ್ತಿ ಸುತ್ತು ತಿರುಗಲು 5 ಅಡಿ ಜಾಗ ಬೇಕು. ಕಟ್ಟೆಗೆ 2 ಅಡಿ ಹೋದರೆ ಈ ಅಡುಗೆಮನೆಯಲ್ಲಿ ಉಳಿಯುವುದು 4 ಅಡಿ. ಕಟ್ಟೆಯ ಕೆಳಗೆ ಕಾಲು ಹೋಗುವುದರಿಂದ ಆ ಕೊರತೆ ನೀಗಿತು.

ಒಲೆಯನ್ನು ಮೊಣಕಾಲಿನ ನೇರಕ್ಕೆ ಇಡಲಿಲ್ಲ. ಬಲಕ್ಕೆ ಸರಿಸಿದೆವು. ಚೆಲ್ಲಿದರೂ ತೊಡೆಗೆ ಬೀಳಬಾರದು. ಒಲೆಯ ಪಕ್ಕ ಅದರಷ್ಟೇ ಎತ್ತರದ ಒಂದು ಮಣೆ ಇಟ್ಟೆವು. ಬಿಸಿ ಪಾತ್ರೆಯನ್ನು ಎತ್ತುವುದು ಬೇಡ, ಮಣೆಗೆ ಜಾರಿಸಿದರೆ ಸಾಕು. ಟೀ ಪಾತ್ರೆಗೆ ಹಿಡಿ ಇರುವುದನ್ನೇ ಆರಿಸಿದೆವು.

ಇಲ್ಲಿ ಒಂದು ಎಚ್ಚರಿಕೆ. ಕಟ್ಟೆ ತಗ್ಗಿಸುತ್ತೇವೆ ಅಂತ ಗ್ಯಾಸ್ ಒಲೆಯನ್ನು ನೆಲಕ್ಕೆ ಇಡಬೇಡಿ. ಒಲೆ ಯಾವಾಗಲೂ ಸಿಲಿಂಡರಿಗಿಂತ ಮೇಲಿರಬೇಕು. ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಬೇಕು, ಮಲಗಿಸಬಾರದು. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ನೆಲದ ಮೇಲೆ ಹರಡುತ್ತೆ. ಕೂತು ಅಡುಗೆ ಮಾಡುವವರಿಗೆ ಅಪಾಯ ಹೆಚ್ಚು. ವಾಸನೆ ಬಂದರೆ ಲೈಟ್ ಸ್ವಿಚ್ ಮುಟ್ಟಬೇಡಿ. ರೆಗ್ಯುಲೇಟರ್ ಬಂದ್ ಮಾಡಿ. ಬಾಗಿಲು, ಕಿಟಕಿ ತೆಗೆಯಿರಿ. ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ರಬ್ಬರ್ ಪೈಪನ್ನು 5 ವರ್ಷಕ್ಕೊಮ್ಮೆ ಬದಲಿಸಿ. ದೊಡ್ಡಮ್ಮನ ಮನೆಯಲ್ಲಿ ಸಿಲಿಂಡರನ್ನು ಕೈಗೆ ಸಿಗುವಂತೆ ಎತ್ತರದ ಕಟ್ಟೆಯ ಬದಿಗೆ ನಿಲ್ಲಿಸಿದ್ದೇವೆ.

ಅಡುಗೆಮನೆಯ ಬಾಗಿಲಿನ ಹಲಗೆ ಕಳಚಿ ಹಾಕಿದೆವು. ಬೆರಳಿಗೆ ಜಾಗ ಸಿಕ್ಕಿತು. ಆ ಹಲಗೆಯಿಂದಲೇ ತಗ್ಗಿನ ಎರಡು ಗೂಡು ಆದವು. ಸಕ್ಕರೆ, ಟೀ ಪುಡಿ, ಉಪ್ಪು, ಬೇಳೆ ಈಗ ಅಟ್ಟದಲ್ಲಿಲ್ಲ, ಅಲ್ಲೇ ಇವೆ. ರೆಗ್ಯುಲೇಟರೂ ಅಟ್ಟದಿಂದ ಇಳಿಯಿತು.

ಹೊಸ್ತಿಲು? ಅಡುಗೆಮನೆಯ ಹೊಸ್ತಿಲು ತೆಗೆಸಿದೆವು. ಮುಂಬಾಗಿಲ ಹೊಸ್ತಿಲಿಗೆ ದೊಡ್ಡಮ್ಮ ಬಿಡಲಿಲ್ಲ. "ಅರಿಶಿನ ಕುಂಕುಮ ಇಟ್ಟ ಹೊಸ್ತಿಲು. ಒಡೆಯಬೇಡಿ" ಅಂದರು. ಸರಿ, ಅದರ ಎರಡೂ ಬದಿಗೆ ಇಳಿಜಾರು ಹಲಗೆ ಇಟ್ಟೆವು. 1 ಅಂಗುಲ ಎತ್ತರಕ್ಕೆ 12 ಅಂಗುಲ ಉದ್ದ ಬೇಕು. ಹೊಸ್ತಿಲು 2 ಅಂಗುಲ. ಹಲಗೆ 24 ಅಂಗುಲ.

ಗ್ಯಾಸ್ ಉಳಿಸುವುದನ್ನು ದೊಡ್ಡಮ್ಮನಿಗೆ ನಾವು ಕಲಿಸಬೇಕೇ? ಅವರೇ ನಮಗೆ ಪಾಠ ಹೇಳಿದರು. "ಬೇಳೆ ನೆನೆಸಿ ಬೇಯಿಸಿ. ಪಾತ್ರೆಗೆ ಮುಚ್ಚಳ ಹಾಕಿ. ಉರಿ ಪಾತ್ರೆಯ ತಳ ಬಿಟ್ಟು ಆಚೆ ಬಂದರೆ ಅದು ಗಾಳಿಗೆ ಹೋದ ದುಡ್ಡು. ಉರಿ ಹಳದಿಯಾದರೆ ಬರ್ನರ್ ಉಜ್ಜಿ." ಅಕ್ಕಿ ತೊಳೆದ ನೀರು ಅವರ ಕರಿಬೇವಿನ ಗಿಡಕ್ಕೆ. ತರಕಾರಿ ಸಿಪ್ಪೆ ತೂತು ಮಾಡಿದ ಮಣ್ಣಿನ ಮಡಕೆಗೆ, ಒಣ ಎಲೆಯ ಜೊತೆ. ಕಿಟಕಿಗೆ ಅಡ್ಡ ಇದ್ದ ಡಬ್ಬಗಳನ್ನು ತೆಗೆದೆವು. ಹಗಲು ದೀಪ ಹಾಕುವುದು ತಪ್ಪಿತು.

ಇನ್ನೊಂದು ಮಾತು ತಿಳಿದಿರಲಿ. ಅಂಗವಿಕಲರ ಹಕ್ಕುಗಳ ಕಾನೂನು 2016ರಲ್ಲಿ ಬಂತು. ಶೇಕಡಾ 40 ಅಥವಾ ಹೆಚ್ಚು ಅಂಗವಿಕಲತೆ ಇದೆ ಎಂಬ ಸರ್ಟಿಫಿಕೇಟ್ ಇದ್ದವರಿಗೆ ಸರ್ಕಾರದ ವಸತಿ ಯೋಜನೆಗಳಲ್ಲಿ ಶೇಕಡಾ 5 ಮೀಸಲು ಇಡಬೇಕು. ಅದರಲ್ಲೂ ಹೆಂಗಸರಿಗೆ ಆದ್ಯತೆ ಕೊಡಬೇಕು. ಅರ್ಜಿ ಬರೆಯಲು ಈಗ ನಮಗೆ ಬರುತ್ತೆ.

ಸಿಮೆಂಟ್ ಗಟ್ಟಿಯಾಗಲು ಒಂದು ವಾರ ಬಿಟ್ಟೆವು. ಎಂಟನೇ ದಿನ ಮಗ ರಜ ಹಾಕಿ ಅಮ್ಮನ ಪಕ್ಕದಲ್ಲೇ ನಿಂತ. ದೊಡ್ಡಮ್ಮ ಒಲೆ ಹಚ್ಚಿದರು. ನೀರಿಟ್ಟರು. ಪಾತ್ರೆ ಜಾರಿಸಿದರು. ಸೋಸಿದರು. ಮೊದಲ ಲೋಟ ಮಗನಿಗೆ ಕೊಟ್ಟರು.

"ಸಕ್ಕರೆ ಜಾಸ್ತಿ ಆಯ್ತಮ್ಮ" ಅಂದ ಅವನು. ಕಣ್ಣು ಒರೆಸಿಕೊಂಡ.

"ಕುಡಿಯೋ, ಸುಮ್ಮನೆ" ಅಂದರು ದೊಡ್ಡಮ್ಮ.

ಅಳೆಯಿರಿ, ಬರೆಯಿರಿ:

ನಿಂತಾಗ ನನ್ನ ಮೊಣಕೈ ಎತ್ತರ ......... ಅಂಗುಲ.
ನಮ್ಮ ಕಟ್ಟೆಯ ಎತ್ತರ ......... ಅಂಗುಲ.
ನಮ್ಮ ಒಲೆಯ ಎತ್ತರ ......... ಅಂಗುಲ.
ನಮ್ಮ ಅಡುಗೆಮನೆ ಬಾಗಿಲಿನ ಅಗಲ ......... ಅಂಗುಲ.
ನಮ್ಮ ಮನೆಯಲ್ಲಿ ಬಗ್ಗಲು, ನಿಲ್ಲಲು ಕಷ್ಟ ಇರುವವರು .........