ಹಸುರು ರಸಗಳೂ ನಮ್ಮ ಯಕೃತ್ತೂ

ಗಿರಿನಗರದ ನಮ್ಮ ಬಡಾವಣೆಯಲ್ಲಿ ಬೆಳಗಿನ ನಡಿಗೆ ಮುಗಿಸಿದ ಹಿರಿಯರು ಬಾಳೆದಿಂಡು, ಬೂದುಗುಂಬಳ, ಹಾಗಲಕಾಯಿ, ಅಮೃತಬಳ್ಳಿ ಮುಂತಾದವುಗಳ ರಸವನ್ನು ಕುಡಿಯುವುದುಂಟು. ಯಕೃತ್ತಿನಲ್ಲಿ ಕೊಬ್ಬು ಸೇರಿದೆಯೆಂದು ವೈದ್ಯರು ಹೇಳಿದಂದಿನಿಂದ ನಮ್ಮ ತಂದೆಯವರೂ ದಿನವೂ ಒಂದು ಲೋಟ ಅಮೃತಬಳ್ಳಿಯ ರಸ ಕುಡಿಯತೊಡಗಿದರು. "ಗಿಡದ ರಸ ತಾನೆ, ಕೆಡುಕೇನು ಮಾಡೀತು?" ಎಂಬುದು ಅವರ ವಾದ. ಆ ಪ್ರಶ್ನೆಯೇ ಈ ಲೇಖನಕ್ಕೆ ಕಾರಣವಾಯಿತು.

ನಾವು ಕುಡಿದುದರ ಸಾರದಲ್ಲಿ ಬಹುಭಾಗವು ಕರುಳಿನಿಂದ ರಕ್ತದ ಮೂಲಕ ಮೊದಲು ಯಕೃತ್ತನ್ನೇ ಸೇರುತ್ತದೆ. ಮಿಗಿಲಾದ ಸಕ್ಕರೆಯನ್ನು ಕೂಡಿಡುವುದು, ಇನ್ನೂ ಉಳಿದರೆ ಕೊಬ್ಬಾಗಿಸುವುದು, ಔಷಧ ವಿಷಗಳೆರಡನ್ನೂ ಒಡೆಯುವುದು ಅದರ ಕೆಲಸ. ಆದುದರಿಂದ ರಸದ ಗುಣವಾಗಲಿ ದೋಷವಾಗಲಿ ಮೊದಲು ತಟ್ಟುವುದು ಯಕೃತ್ತಿಗೇ.

ಕಾಮಾಲೆಗೆ ನಮ್ಮ ಹಳ್ಳಿಗಳಲ್ಲಿ ಅರೆದು ಕೊಡುವ ನೆಲನೆಲ್ಲಿಯನ್ನು ನೋಡೋಣ. 1988ರಲ್ಲಿ ಮದರಾಸಿನ ಸಂಶೋಧಕರು ಅದನ್ನು ಹೆಪಟೈಟಿಸ್ ಬಿ ಸೋಂಕಿದ್ದವರಿಗೆ ಕೊಟ್ಟಾಗ 37 ಮಂದಿಯಲ್ಲಿ 22 ಮಂದಿಯ ರಕ್ತದಲ್ಲಿ ಸೋಂಕಿನ ಗುರುತು ಮಾಯವಾಯಿತೆಂದು ವರದಿ ಮಾಡಿದರು. ಹುಸಿಮದ್ದು ಪಡೆದ 23 ಮಂದಿಯಲ್ಲಿ ಹಾಗಾದದ್ದು ಒಬ್ಬರಿಗೆ ಮಾತ್ರ. ಆದರೆ ಬೇರೆಡೆ ನಡೆದ ಪರೀಕ್ಷೆಗಳಲ್ಲಿ ಆ ಫಲ ಮತ್ತೆ ದೊರೆಯಲಿಲ್ಲ. ಒಂದು ಪರೀಕ್ಷೆಯಿಂದ ಸತ್ಯ ಸ್ಥಿರಪಡುವುದಿಲ್ಲವೆಂಬುದು ಇಲ್ಲಿನ ಪಾಠ.

ಅಮೃತಬಳ್ಳಿಯ ಕಥೆ ಇನ್ನೂ ಗಂಭೀರ. ಕೋವಿಡ್ ಕಾಲದಲ್ಲಿ ಅನೇಕರು ಅದನ್ನು ದಿನನಿತ್ಯ ಸೇವಿಸಿದರು. ಅದನ್ನು ಸೇವಿಸಿ ಯಕೃತ್ತಿಗೆ ಪೆಟ್ಟಾದ ಆರು ಮಂದಿಯ ವಿವರವನ್ನು 2021ರಲ್ಲಿ ಮುಂಬಯಿಯ ವೈದ್ಯರು ಪ್ರಕಟಿಸಿದರು. 2022ರಲ್ಲಿ ದೇಶದ 13 ಕೇಂದ್ರಗಳಿಂದ ಅಂತಹ 43 ಮಂದಿಯ ವರದಿ ಬಂದಿತು. ಆಯುಷ್ ಸಚಿವಾಲಯವು ಇದನ್ನು ಒಪ್ಪಲಿಲ್ಲ. ಅದನ್ನು ಹೋಲುವ ಬೇರೊಂದು ಬಳ್ಳಿ ಬಳಕೆಯಾಗಿರಬಹುದೆಂದು ಹೇಳಿತು. ವಾದ ಯಾವುದೇ ಇರಲಿ, ಲೋಟದೊಳಗಿನ ಬಳ್ಳಿ ಯಾವುದೆಂದು ಕುಡಿಯುವವನಿಗೆ ತಿಳಿಯುವ ಬಗೆ ಹೇಗೆ?

ಸ್ವಾರಸ್ಯವೆಂದರೆ, ಯಕೃತ್ತಿನ ಪರವಾಗಿ ಹೆಚ್ಚಿನ ಸಾಕ್ಷ್ಯವಿರುವ ಪಾನೀಯ ನಮ್ಮ ಮನೆಯ ಕಾಫಿಯೇ. ಕಾಫಿ ಕುಡಿಯುವವರಲ್ಲಿ ಯಕೃತ್ತು ಗಂಟುಗಟ್ಟುವ ರೋಗ ಕಡಮೆಯೆಂದು ಹಲವು ದೇಶಗಳ ಅವಲೋಕನಗಳು ತಿಳಿಸುತ್ತವೆ. ಇವು ಅವಲೋಕನಗಳೇ ಹೊರತು ಪೂರ್ಣ ಪ್ರಮಾಣವಲ್ಲ. ಲೋಟಕ್ಕೆರಡು ಚಮಚ ಸಕ್ಕರೆ ಸುರಿಯಲು ಅಪ್ಪಣೆಯಂತೂ ಅಲ್ಲ.

ತೂಕ ಹೆಚ್ಚಿರುವವರು ನೂರಕ್ಕೆ ಏಳರಿಂದ ಹತ್ತರಷ್ಟು ಇಳಿಸಿಕೊಂಡರೆ ಯಕೃತ್ತಿನ ಕೊಬ್ಬೂ ಉರಿಯೂತವೂ ತಗ್ಗುತ್ತವೆ. ಇದನ್ನೆಲ್ಲ ತಂದೆಯವರಿಗೆ ಓದಿ ಹೇಳಿದೆ. ಅವರು ಕೇಳಿ, ರಸದ ವಿಷಯವನ್ನು ವೈದ್ಯರಿಗೆ ಮುಚ್ಚಿಟ್ಟಿದ್ದುದನ್ನು ಒಪ್ಪಿಕೊಂಡರು. ಈಗ ರಸ ನಿಂತಿದೆ, ನಡಿಗೆ ನಿಂತಿಲ್ಲ.