ಬಾಣಂತಿಗೆ ಬಿಡದ ಜ್ವರ, ಬಲಗಡೆ ಹೊಟ್ಟೆನೋವು: ಮಾಡಬೇಕಾದ್ದು, ಮಾಡಬಾರದ್ದು

ಇದಕ್ಕೆ ಅಂಡಾಶಯದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು (ಓವೇರಿಯನ್ ವೇನ್ ಥ್ರಾಂಬೋಸಿಸ್) ಕಾರಣವಿರಬಹುದು. ಇದು ಅಪರೂಪ. ಆದರೆ ಆದಾಗ ಹೆಚ್ಚಾಗಿ ಹೆರಿಗೆಯ ನಂತರದ 10 ದಿನಗಳೊಳಗೇ ಆಗುತ್ತದೆ. ಸಿಸೇರಿಯನ್ ಆದವರಿಗೆ ಅಪಾಯ ಜಾಸ್ತಿ. ಬಹುಪಾಲು ಬಲಗಡೆಯೇ. ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಪ್ರಾಣ ಹೋಗಬಹುದು.

ಮಾಡಬೇಕಾದ್ದು

• ಜ್ವರವನ್ನು ಥರ್ಮಾಮೀಟರ್ ಇಟ್ಟೇ ನೋಡಿ.

• 100.4 ಡಿಗ್ರಿ ಮುಟ್ಟಿದರೆ ಅಂದೇ ಆಸ್ಪತ್ರೆಗೆ ಹೊರಡಿ.

• ನೋವು ಎಲ್ಲಿ ಎಂದು ಬಾಣಂತಿಯನ್ನೇ ಕೇಳಿ, ಬೆರಳಿಟ್ಟು ತೋರಿಸಲಿ. ಬಲಗಡೆ ಕೆಳಹೊಟ್ಟೆಯಿಂದ ಪಕ್ಕೆಯವರೆಗೆ ಹಬ್ಬುವ ನೋವನ್ನು ಹಗುರವಾಗಿ ಎಣಿಸುವಂತಿಲ್ಲ.

• ತಾಯಿ ಕಾರ್ಡ್, ಡಿಸ್ಚಾರ್ಜ್ ಚೀಟಿ, ನುಂಗುತ್ತಿರುವ ಮಾತ್ರೆಗಳನ್ನು ಒಯ್ಯಿರಿ.

• ಹೆರಿಗೆಯಾದ ದಿನವನ್ನು ಡಾಕ್ಟರಿಗೆ ಮೊದಲೇ ಹೇಳಿ. ಈ ನೋವು ಅಪೆಂಡಿಸೈಟಿಸ್‌ನಂತೆಯೂ ಮೂತ್ರಪಿಂಡದ ಸೋಂಕಿನಂತೆಯೂ ಕಾಣುತ್ತದೆ.

• ಹಿಂದೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ತಿಳಿಸಿ.

• ಆಂಟಿಬಯೋಟಿಕ್ ಶುರುವಾಗಿ ಎರಡು ಮೂರು ದಿನವಾದರೂ ಜ್ವರ ಇಳಿಯದಿದ್ದರೆ ನೇರವಾಗಿ ಕೇಳಿ: "ಡಾಕ್ಟ್ರೇ, ಓವೇರಿಯನ್ ವೇನ್ ಥ್ರಾಂಬೋಸಿಸ್ ಇರಬಹುದಾ? ಸಿಟಿ ಸ್ಕ್ಯಾನ್ ಬೇಕಾ?" ಹೀಗೆ ಕೇಳುವುದು ಅಧಿಕಪ್ರಸಂಗವಲ್ಲ, ನಿಮ್ಮ ಹಕ್ಕು.

• ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಕೆಮ್ಮಿದಾಗ ರಕ್ತ ಕಂಡರೆ ಆ ಕ್ಷಣವೇ 108ಕ್ಕೆ ಕರೆ ಮಾಡಿ.

• ಡಾಕ್ಟರು ಹೆಪ್ಪು ತಡೆಯುವ ಔಷಧ ಬರೆದಿದ್ದರೆ, ಹೇಳಿದಷ್ಟು ದಿನವೂ ಕೊಡಿ. ನೋವು ಹೋದ ಮಾತ್ರಕ್ಕೆ ಹೆಪ್ಪು ಕರಗಿದೆ ಎಂದಲ್ಲ.

ಮಾಡಬಾರದ್ದು

• "ಬಾಣಂತಿಗೆ ಇದೆಲ್ಲ ಇದ್ದದ್ದೇ" ಎಂದು ಸುಮ್ಮನಾಗುವುದು ಬೇಡ.

• ನೋವಿರುವ ಕಡೆ ಎಣ್ಣೆ ಹಚ್ಚಿ ನೀವಬಾರದು.

• ಕುಡಿಯುವ ನೀರು ಕಡಿಮೆ ಮಾಡಬಾರದು. ನೀರು ಕುಡಿದರೆ ಹೊಟ್ಟೆ ಬರುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಮೈಯಲ್ಲಿ ನೀರು ಆರಿದರೆ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ.

• ದಿನವಿಡೀ ಮಲಗಿಸಿಡಬಾರದು. ಡಾಕ್ಟರು ಒಪ್ಪಿದ ಗಳಿಗೆಯಿಂದಲೇ ಎದ್ದು ಓಡಾಡಲಿ.

• ಅಲ್ಟ್ರಾಸೌಂಡ್‌ನಲ್ಲಿ ಏನೂ ಕಾಣಲಿಲ್ಲವೆಂದು ನೆಮ್ಮದಿ ಬೇಡ. ಕರುಳಿನ ಗಾಳಿ ಅಡ್ಡ ಬಂದು ಹೆಪ್ಪು ಮರೆಯಾಗಬಹುದು.

• ಹೆಪ್ಪು ತಡೆಯುವ ಔಷಧದ ಜೊತೆ ಮೆಡಿಕಲ್ ಶಾಪಿನ ನೋವಿನ ಮಾತ್ರೆ ಬೇಡ. ಒಳಗೆ ರಕ್ತಸ್ರಾವವಾಗಬಹುದು.

• ಹೆದರಿ ಎದೆಹಾಲು ಬಿಡಿಸಬಾರದು. ಹೆಪ್ಪು ತಡೆಯುವ ಹೆಪಾರಿನ್, ವಾರ್ಫರಿನ್ ಪಡೆಯುವ ತಾಯಿ ಹಾಲೂಡಿಸಬಹುದು.

• ಮುಂದೆಯೂ ಡಾಕ್ಟರನ್ನು ಕೇಳದೆ ಗರ್ಭನಿರೋಧಕ ಮಾತ್ರೆ ನುಂಗಬಾರದು. ಈಸ್ಟ್ರೋಜನ್ ಇರುವ ಮಾತ್ರೆ ಹೀಗೆ ಹೆಪ್ಪುಗಟ್ಟಿದವರಿಗೆ ಬೇಡವೇ ಬೇಡ.

• ನಾಮಕರಣ ಮುಗಿಯಲಿ, ತವರಿನವರು ಬರಲಿ ಎಂದು ಕಾಯಬಾರದು. ನಾಮಕರಣ ಮುಂದಕ್ಕೆ ಹಾಕಿ, ಬಾಣಂತಿಯನ್ನು ಇಂದೇ ಆಸ್ಪತ್ರೆಗೆ ಕರೆದೊಯ್ಯಿರಿ.